ಗಡಿಯಾರದ ಹೊತ್ತು, ಗಣಕದ ಕ್ಷಣ

ಎರಡು ಗಡಿಯಾರಗಳ ನಡುವೆ ಬದುಕುವ ತೊಡಕು ಮುಂಬಯಿಗೆ ಹೊಸದಲ್ಲ. 1906ರ ಜನವರಿ 1ರಂದು ಭಾರತೀಯ ಪ್ರಮಾಣವೇಳೆ ಜಾರಿಗೆ ಬಂದ ಮೇಲೂ, ಅದಕ್ಕಿಂತ 39 ನಿಮಿಷ ಹಿಂದಿದ್ದ ‘ಬಾಂಬೆ ಟೈಮ್’ ಈ ನಗರದಲ್ಲಿ 1955ರವರೆಗೆ ಉಳಿದುಕೊಂಡಿತ್ತು. ಯಾವ ಗಡಿಯಾರದ ಪ್ರಕಾರ ಎಂದು ಕೇಳಿಕೊಳ್ಳದೆ ಹೊತ್ತು ನಿಗದಿಪಡಿಸುವಂತಿರಲಿಲ್ಲ. ಇಂದು ಮೊಬೈಲ್ ಆ್ಯಪ್‌ಗಳಿಗೆ ಪ್ರೋಗ್ರಾಂ ಬರೆಯುವವರು ಮರೆಯುವುದು ಈ ಪ್ರಶ್ನೆಯನ್ನೇ.

ಗಣಕಕ್ಕೆ ಕ್ಷಣವೆಂಬುದು ಬರಿಯ ಸಂಖ್ಯೆ. ಯುಟಿಸಿ ಎಂಬ ವಿಶ್ವಕಾಲದ ಲೆಕ್ಕದಲ್ಲಿ 1970ರ ಜನವರಿ 1ರ ಮಧ್ಯರಾತ್ರಿಯಿಂದ ಸಂದ ಸೆಕೆಂಡುಗಳ ಎಣಿಕೆ ಅದು. ಆ ಎಣಿಕೆಯ ಸೊನ್ನೆ ಭಾರತದಲ್ಲಿ ಜನವರಿ 1ರ ಬೆಳಗಿನ 5:30. ನ್ಯೂಯಾರ್ಕಿನಲ್ಲಿ ಹಿಂದಿನ ದಿನದ, ಎಂದರೆ 1969ರ ಡಿಸೆಂಬರ್ 31ರ ಸಂಜೆ 7. ಎರಡೂ ಸರಿಯೇ. ತಾರೀಖು ಹುಟ್ಟುವುದು ಕಾಲವಲಯವೊಂದನ್ನು ಆಯ್ದು, ಆ ಸಂಖ್ಯೆಯನ್ನು ಅಕ್ಷರಕ್ಕೆ ಇಳಿಸಿದಾಗ ಮಾತ್ರ. ಆದುದರಿಂದ ಕ್ಷಣವನ್ನು ವಿಶ್ವಕಾಲದಲ್ಲೇ ಕಾಪಿಟ್ಟು, ತೆರೆಯ ಮೇಲೆ ತೋರಿಸುವಾಗಷ್ಟೇ ಓದುಗನ ಕಾಲವಲಯಕ್ಕೆ ಹೊಂದಿಸುವುದು ಯುಕ್ತ.

ಸರ್ವರ್‌ನಿಂದ ಬರುವ ವೇಳೆಯ ಕೊನೆಯಲ್ಲಿ ‘ಝಡ್’ ಅಕ್ಷರವಿದ್ದರೆ ಅದು ವಿಶ್ವಕಾಲವೆಂದು ಅರ್ಥ. ಜಾವಾ ಭಾಷೆಯ ಹಳೆಯ ‘ಸಿಂಪಲ್ ಡೇಟ್ ಫಾರ್ಮ್ಯಾಟ್’ ಬಳಸುವವರು ಕಾಲವಲಯವನ್ನು ಹೇಳದೆ ಆ ಅಕ್ಷರಕ್ಕೆ ಉದ್ಧರಣ ಚಿಹ್ನೆ ಹಾಕಿಬಿಟ್ಟರೆ, ಅದು ಅರ್ಥ ಕಳೆದುಕೊಂಡು ಬರಿಯ ಅಕ್ಷರವಾಗುತ್ತದೆ. ವೇಳೆಯನ್ನು ಫೋನಿನ ಸ್ಥಳೀಯ ಕಾಲವೆಂದೇ ಗ್ರಹಿಸಲಾಗುತ್ತದೆ. ಭಾರತದಲ್ಲಿ ಐದೂವರೆ ಗಂಟೆಗಳ ವ್ಯತ್ಯಾಸ! ಯಂತ್ರವು ತಪ್ಪೆಂದು ಸೂಚಿಸುವುದೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಜನ್ಮದಿನದ ಸಮಸ್ಯೆ. ಮುಂಬಯಿಯ ತಾಯಿಯೊಬ್ಬರು ಮಗುವಿನ ಜನ್ಮದಿನವೆಂದು ಆಗಸ್ಟ್ 15ನ್ನು ಆರಿಸುತ್ತಾರೆನ್ನೋಣ. ಆ್ಯಪ್ ಅದನ್ನು ಭಾರತದ ಮಧ್ಯರಾತ್ರಿಯೆಂದು ತಿಳಿದು, ಆಗಸ್ಟ್ 14ರ ಸಂಜೆ 6:30ರ ವಿಶ್ವಕಾಲವಾಗಿ ದಾಖಲಿಸುತ್ತದೆ. ಅದೇ ದಾಖಲೆಯನ್ನು ಲಂಡನ್ನಿನಲ್ಲಿ ತೆರೆದರೆ ಮಗು ಒಂದು ದಿನ ಮೊದಲೇ ಹುಟ್ಟಿರುತ್ತದೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಆ ಒಂದು ದಿನ ಸಣ್ಣದಲ್ಲ. ಜನ್ಮದಿನವು ಕ್ಷಣವಲ್ಲ; ವರ್ಷ, ತಿಂಗಳು, ದಿನ ಎಂಬ ಮೂರು ಅಂಕಿಗಳಷ್ಟೇ. ಊರು ಬದಲಾದರೆ ಅವು ಬದಲಾಗಬಾರದು. 2014ರಲ್ಲಿ ಜಾವಾ 8ರೊಡನೆ ಬಂದ ‘ಲೋಕಲ್ ಡೇಟ್’ ಇಂತಹ ತಾರೀಖುಗಳಿಗೆಂದೇ ಇದೆ.

ಮುಂದಿನ ದಿನಗಳ ವೇಳೆಯನ್ನು ಗೊತ್ತುಪಡಿಸುವಾಗ ಗಂಟೆಗಳ ಅಂತರವನ್ನಷ್ಟೇ ಬರೆದಿಡುವುದೂ ಸಾಲದು. ವಲಯದ ಹೆಸರು ಬೇಕು. (‘ಬಾಂಬೆ ಟೈಮ್’ಗಾಗಿ ಹಟ ಹಿಡಿದಿದ್ದ ನಗರದವರೂ ಇಂದು ಆರಿಸಬೇಕಾದುದು ‘ಏಷ್ಯಾ/ಕೋಲ್ಕತಾ’ ಎಂಬ ಹೆಸರನ್ನೇ!) ಮುಂಬಯಿಯ ಭಾನುವಾರ ಬೆಳಗಿನ 8 ಗಂಟೆಯು ನ್ಯೂಯಾರ್ಕಿನಲ್ಲಿರುವ ಮಗನಿಗೆ ಚಳಿಗಾಲದಲ್ಲಿ ಶನಿವಾರ ರಾತ್ರಿಯ 9:30, ಬೇಸಿಗೆಯಲ್ಲಿ 10:30.