ಹಳೆಯ ಯುದ್ಧವಿಮಾನಗಳ ಗುರುತು: ಲಿಬರೇಟರಿನ ನಿದರ್ಶನ

ಶಿಲಾಶಾಸನವೊಂದರ ಕಾಲವನ್ನು ನಿರ್ಣಯಿಸುವ ವಿದ್ವಾಂಸರು ಅದರ ಒಕ್ಕಣೆಯನ್ನು ಮಾತ್ರವೇ ನೆಚ್ಚುವುದಿಲ್ಲ; ಲಿಪಿ, ಭಾಷೆ, ಕಲ್ಲು ಇವೆಲ್ಲವನ್ನೂ ಒಂದಕ್ಕೊಂದು ಒರೆಹಚ್ಚಿ ನೋಡುತ್ತಾರೆ. ಹಳೆಯ ಯುದ್ಧವಿಮಾನಗಳ ಗುರುತು ಹಿಡಿಯುವುದಕ್ಕೂ ಇದೇ ನಿಯಮ ಸಲ್ಲುತ್ತದೆ. ವಿಮಾನದ ಮೈಮೇಲಣ ಬಣ್ಣ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ. ಆದರೆ ಸಾಕ್ಷಿಗಳಲ್ಲೆಲ್ಲ ಅದೇ ದುರ್ಬಲವಾದುದು. ಬೆಂಗಳೂರಿನಲ್ಲಿ ಪುನರ್ಜನ್ಮ ಪಡೆದ ಲಿಬರೇಟರ್ ಬಾಂಬರು ವಿಮಾನಗಳು ಇದಕ್ಕೆ ಉತ್ತಮ ನಿದರ್ಶನ.

ಅಮೆರಿಕದ ಐದು ಕಾರ್ಖಾನೆಗಳಲ್ಲಿ 18,000ಕ್ಕೂ ಹೆಚ್ಚು ಲಿಬರೇಟರುಗಳು ತಯಾರಾದವು. ಅಮೆರಿಕನ್ನರು ಇದನ್ನು ಬಿ-24 ಎಂದು ಕರೆದು, ಪ್ರಭೇದಗಳಿಗೆ ಒಂದೊಂದು ಅಕ್ಷರವನ್ನಿತ್ತರು. ‘ಡಿ’ ಪ್ರಭೇದದ್ದು ಗಾಜಿನ ಮೂತಿ. ‘ಹೆಚ್’ ಮತ್ತು ‘ಜೆ’ ಪ್ರಭೇದಗಳ ಮೂತಿಯಲ್ಲಿ ತಿರುಗುವ ಬಂದೂಕುಗೂಡು ಇದೆ. ‘ಎಲ್’ ಮತ್ತು ‘ಎಮ್’ಗಳಲ್ಲಿ ಬಾಲದ ಬಂದೂಕುನೆಲೆ ಹಗುರವಾಯಿತು. ‘ಹೆಚ್’ ಮತ್ತು ‘ಜೆ’ಗಳನ್ನು ಹೊರನೋಟದಿಂದಲೇ ಬೇರ್ಪಡಿಸುವುದು ಕಷ್ಟ. ಅಲ್ಲಿ ನೆರವಿಗೆ ಬರುವುದು ಸಂಖ್ಯೆ. 44-44052 ಎಂದಿದ್ದರೆ ಮೊದಲ ಎರಡಂಕಿ ಬೇಡಿಕೆಯ ಆರ್ಥಿಕ ವರ್ಷವನ್ನು ಸೂಚಿಸುತ್ತದೆ. ಮಾದರಿಯ ಹೆಸರಿನ ಕೊನೆಯ ‘ಸಿಎಫ್’ ಎಂಬುದು ಫೋರ್ಟ್‌ವರ್ತ್ ಕಾರ್ಖಾನೆಯನ್ನೂ, ‘ಎಫ್‌ಓ’ ಎಂಬುದು ಫೋರ್ಡ್ ಕಾರ್ಖಾನೆಯನ್ನೂ ಹೇಳುತ್ತದೆ.

ಇನ್ನು ಬಣ್ಣ. ಬ್ರಿಟಿಷ್ ವಿಮಾನಗಳ ವೃತ್ತಲಾಂಛನದ ನಡುವೆ ಕೆಂಪು ಬೊಟ್ಟು ಇರುತ್ತಿತ್ತು. ಜಪಾನೀ ವಿಮಾನಗಳ ಕೆಂಪು ಸೂರ್ಯನೊಡನೆ ಅದು ಗೊಂದಲಕ್ಕೆಡೆಗೊಟ್ಟೀತೆಂದು ಏಷ್ಯದ ರಣರಂಗದಲ್ಲಿ ಕೆಂಪನ್ನು ತೆಗೆದುಹಾಕಿ, ಕಡುನೀಲಿಯ ನಡುವೆ ತಿಳಿನೀಲಿಯನ್ನು ಬಳಿದರು. ಭಾರತೀಯ ವಾಯುಪಡೆಯಲ್ಲಿ 1948ರಿಂದ 1950ರವರೆಗೆ ಅಶೋಕಚಕ್ರದ ಲಾಂಛನವಿತ್ತು. 1950ರಲ್ಲಿ ಕೇಸರಿ, ಬಿಳಿ, ಹಸಿರುಗಳ ವರ್ತುಲ ಬಂದಿತು. ಆದುದರಿಂದ ಚಕ್ರಾಂಕಿತವಾದ ಲಿಬರೇಟರಿನ ಚಿತ್ರವೊಂದು ದೊರೆತರೆ, ಅದು ಸುಮಾರಾಗಿ ಯಾವ ಅವಧಿಯದೆಂದು ಹೇಳಬಹುದು. ಆದರೆ ಎಚ್ಚರಿಕೆ ಅಗತ್ಯ: ಆರ್ಥೊಕ್ರೊಮ್ಯಾಟಿಕ್ ಎಂಬ ಹಳೆಯ ಬಗೆಯ ಕಪ್ಪು-ಬಿಳುಪು ಫಿಲ್ಮಿನಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬೆಳ್ಳಗೂ ಕಾಣುತ್ತದೆ.

ಎರವು-ಗೇಣಿ ಒಪ್ಪಂದದ ಮೇಲೆ ಬ್ರಿಟಿಷರಿಗೆ ಬಂದಿದ್ದ ಲಿಬರೇಟರುಗಳು ಯುದ್ಧಾನಂತರ ಕಾನ್ಪುರದಲ್ಲಿ ರಾಶಿಬಿದ್ದವು. ಮತ್ತೆ ಹಾರದಂತೆ ಅವುಗಳನ್ನು ಕೆಡಿಸಿ ಬಿಡಲಾಗಿತ್ತು. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯ ಯಂತ್ರಜ್ಞರು ಅವುಗಳಿಗೆ ತೇಪೆ ಹಾಕಿ ಬೆಂಗಳೂರಿಗೆ ಹಾರಿಸಿ ತಂದರು. ಸುಮಾರು ನಲವತ್ತು ವಿಮಾನಗಳನ್ನು ದುರಸ್ತಿಗೊಳಿಸಿದರು. 1948ರ ನವೆಂಬರಿನಲ್ಲಿ ಐದನೆಯ ಸ್ಕ್ವಾಡ್ರನ್ ಇವುಗಳಿಂದಲೇ ರೂಪುಗೊಂಡಿತು. ಮುಂದೆ ಆರನೆಯ ಸ್ಕ್ವಾಡ್ರನ್ ಇವುಗಳಲ್ಲಿ ಸಮುದ್ರದ ಕಾವಲು ಕಾಯಿತು. 1968ರವರೆಗೆ ಇವು ಸೇವೆಯಲ್ಲಿದ್ದವು. ಕೆಟ್ಟುಬಿದ್ದ ವಿಮಾನಗಳ ಬಿಡಿಭಾಗಗಳು ಇನ್ನೊಂದರ ಮೈಸೇರಿದ್ದರಿಂದ, ಯಾವುದೋ ಒಂದು ಭಾಗದ ಸಂಖ್ಯೆಯೂ ಇಡೀ ವಿಮಾನದ ಗುರುತಾಗದು. ಹಲವು ಸಾಕ್ಷಿಗಳು ಕೂಡಿಬಂದಾಗಲೇ ತೀರ್ಮಾನ.

ಇಷ್ಟು ಸೂಕ್ಷ್ಮವಾಗಿ ನೋಡುವುದರ ಪ್ರಯೋಜನವೇನೆಂದು ಕೇಳಬಹುದು. ಪ್ರಪಂಚದಲ್ಲಿ ಇಂದು ಉಳಿದಿರುವ ಬೆರಳೆಣಿಕೆಯ ಲಿಬರೇಟರುಗಳಲ್ಲಿ ಹಲವು ಭಾರತದಿಂದಲೇ ಹೋದವು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿಗೆ 1974ರಲ್ಲಿ ಹೋದ ವಿಮಾನಕ್ಕೆ ಬ್ರಿಟಿಷರಲ್ಲಿ ಕೆಎನ್751, ನಮ್ಮಲ್ಲಿ ಹೆಚ್‌ಇ807 ಎಂಬ ಸಂಖ್ಯೆಗಳಿದ್ದವು. ಮೇಲೆ ಉದಾಹರಿಸಿದ 44-44052 ಬ್ರಿಟಿಷರಲ್ಲಿ ಕೆಹೆಚ್191 ಆಗಿ, ಬಳಿಕ ನಮ್ಮ ವಾಯುಪಡೆಯನ್ನು ಸೇರಿದ್ದು. 1980ರ ದಶಕದಲ್ಲಿ ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನ ಅದನ್ನು ಕೊಂಡು, 1989ರಲ್ಲಿ ಮತ್ತೆ ಹಾರಿಸಿತು. 2005ರಲ್ಲಿ ಅದಕ್ಕೆ ‘ವಿಚ್‌ಕ್ರಾಫ್ಟ್’ ಎಂಬ ಹೆಸರನ್ನು ಬರೆಯಲಾಯಿತು. ಮೂಲ ವಿಚ್‌ಕ್ರಾಫ್ಟ್ ಇಂಗ್ಲೆಂಡಿನಿಂದ ಯೂರೋಪಿನ ಮೇಲೆ 130 ದಾಳಿಗಳಲ್ಲಿ ಹಾರಿದ ವಿಮಾನ. ಆ ಹೆಸರನ್ನು ಹೊತ್ತ ಈ ವಿಮಾನವಾದರೋ ಏಷ್ಯದ ರಣರಂಗಕ್ಕೆ ಸೇರಿದ್ದು.

ಮಡಿದ ವೈಮಾನಿಕರ ಸ್ಮರಣೆಗೆಂದು ಬಳಿದ ಆ ಬಣ್ಣವನ್ನು ದೂಷಿಸುವಂತಿಲ್ಲ. ಆದರೆ ಈ ವಿಮಾನಗಳು ಗುಜರಿಯಾಗದೆ ಉಳಿದುದೇ ಅವುಗಳ ಭಾರತೀಯ ಅಧ್ಯಾಯದಿಂದ. ಬಣ್ಣವನ್ನೇ ನಂಬಿದವನಿಗೆ ಆ ಇಪ್ಪತ್ತು ವರ್ಷಗಳೂ ಬೆಂಗಳೂರಿನ ಕುಶಲಕರ್ಮಿಗಳ ಕೈಗಳೂ ಕಾಣುವುದಿಲ್ಲ. ಬಣ್ಣದ ಕೆಳಗಿನ ಲೋಹವನ್ನು ಓದಬಲ್ಲವನಿಗೆ ಮಾತ್ರ ಅವು ಕಾಣುತ್ತವೆ.