ಕಣ್ಣಿನ ಪೊರೆ

ಕಣ್ಣಿನ ಪಾಪೆಯ ಹಿಂದೆ ಪಾರದರ್ಶಕವಾದ ಮಸೂರವೊಂದಿದೆ. ವಯಸ್ಸಾದಂತೆ ಅದು ಮಬ್ಬಾಗುವುದನ್ನು ಪೊರೆ ಬರುವುದು ಎನ್ನುತ್ತಾರೆ. ಔಷಧದಿಂದ ಪೊರೆ ಕರಗದು. ಶಸ್ತ್ರಚಿಕಿತ್ಸೆಯಿಂದಲೇ ಅದನ್ನು ತೆಗೆಯಬೇಕು. ಅದಕ್ಕೆ ತಕ್ಕ ಕಾಲ ಯಾವುದು?

‘ಪೊರೆ ಬಲಿಯಲಿ, ಆಮೇಲೆ ತೆಗೆಸೋಣ’ ಎಂಬುದು ಹಿರಿಯರ ಮಾತು. ಹಿಂದೆ ಇದು ವಿವೇಕದ ಮಾತೇ ಆಗಿತ್ತು. ಮಸೂರವನ್ನು ಕಳೆದುಕೊಂಡ ಕಣ್ಣಿಗೆ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿದ್ದುದರಿಂದ, ಇದ್ದ ದೃಷ್ಟಿ ಪೂರ್ತಿ ಮಂಕಾಗುವವರೆಗೆ ಕಾಯುವುದು ಲೇಸೆನಿಸುತ್ತಿತ್ತು.

ಎರಡನೆಯ ಮಹಾಯುದ್ಧದಲ್ಲಿ ಕೆಲವು ವೈಮಾನಿಕರ ಕಣ್ಣಿಗೆ ವಿಮಾನದ ಮೇಲ್ಹೊದಿಕೆಯ ಪ್ಲಾಸ್ಟಿಕ್ ಚೂರುಗಳು ಹೊಕ್ಕವು. ಅವು ಕಣ್ಣನ್ನು ಕೆರಳಿಸದೆ ಉಳಿದುದನ್ನು ಲಂಡನ್ನಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲೆ ಗಮನಿಸಿದರು. ಅದೇ ಬಗೆಯ ವಸ್ತುವಿನಿಂದ ಮಾಡಿದ ಮಸೂರವನ್ನು ಅವರು 1949ರಲ್ಲಿ ರೋಗಿಯೊಬ್ಬರ ಕಣ್ಣಿನೊಳಗೆ ಇರಿಸಿದರು. ಇಂದು ಕೃತಕ ಮಸೂರವನ್ನು ಇಡುವುದು ಸರ್ವಸಾಮಾನ್ಯವಾಗಿದೆ.

ಆದುದರಿಂದ ಪೊರೆ ಬಲಿಯುವವರೆಗೆ ಕಾಯಬೇಕಾಗಿಲ್ಲ. ಬಹಳ ಕಾದರೆ ಮಸೂರ ಗಡುಸಾಗಿ ಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆ; ಅತಿಯಾಗಿ ಬಲಿತ ಪೊರೆಯಿಂದ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯೇ ನಷ್ಟವಾಗಬಹುದು. ಹಾಗೆಂದು ಪೊರೆ ಕಂಡೊಡನೆ ಅವಸರಪಡುವುದೂ ತರವಲ್ಲ. ಯಾವ ಶಸ್ತ್ರಚಿಕಿತ್ಸೆಯೂ ಅಪಾಯದಿಂದ ಪೂರ್ತಿ ಮುಕ್ತವಲ್ಲ. ಕನ್ನಡಕ ಬದಲಿಸಿದರೂ ನಿತ್ಯದ ಕೆಲಸ ಸಾಗದಾದಾಗ ವೈದ್ಯರೊಡನೆ ವಿಚಾರಿಸಿ ನಿರ್ಧರಿಸುವುದು ಉಚಿತ. ಸೂಜಿಗೆ ನೂಲು ಪೋಣಿಸುವ ದರ್ಜಿಗೆ ಆ ಕಾಲ ಬೇಗ ಬಂದೀತು. ಮತ್ತೊಬ್ಬರಿಗೆ ತಡವಾಗಿ ಬಂದೀತು.

ಪೊರೆ ಮೆಲ್ಲಮೆಲ್ಲನೆ ಬೆಳೆಯುವುದರಿಂದ ಹಿರಿಯರಿಗೆ ತಮ್ಮ ದೃಷ್ಟಿ ಕುಂದಿದುದು ಅರಿವಾಗದೆ ಹೋಗಬಹುದು. ಅಜ್ಜಿ ಹೊಸಿಲು ಎಡವಿದರೆ, ಅಜ್ಜ ಪತ್ರಿಕೆಯನ್ನು ಮಡಿಸಿಟ್ಟರೆ, ಅದನ್ನು ಮೊದಲು ಗಮನಿಸಬೇಕಾದವರು ಮನೆಯ ಕಿರಿಯರು.