ಕಂಡದ್ದು ವೈರಸ್ಸೋ, ಬರೀ ಚೀಲವೋ? ಉತ್ತರ ಹೇಳುವ ಜೋಡಿ ಸೂಕ್ಷ್ಮದರ್ಶಕ

2020ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಕೊರೊನಾ ವೈರಸ್‌ನ ಚಿತ್ರ ಪ್ರಕಟಿಸಿದ್ದು ನಿಮಗೆ ನೆನಪಿರಬಹುದು. ಕೇರಳದಲ್ಲಿ ಪತ್ತೆಯಾದ ದೇಶದ ಮೊದಲ ಪ್ರಕರಣದ ಗಂಟಲ ದ್ರವದಿಂದ ತೆಗೆದ ಚಿತ್ರವದು. ಅದರಲ್ಲಿದ್ದ ಒಂದು ಕಣದ ಗಾತ್ರ 75 ನ್ಯಾನೊಮೀಟರ್. ತೆಗೆದದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ.

ಅದೇ ವರ್ಷ ಇನ್ನೊಂದು ಗೊಂದಲವೂ ಆಯಿತು. ಕೊವಿಡ್ ರೋಗಿಗಳ ಮೂತ್ರಪಿಂಡದ ಅಂಗಾಂಶದಲ್ಲಿ ವೈರಸ್ ಕಂಡಿದೆ ಎಂದು ಕೆಲವು ತಂಡಗಳು ಎಲೆಕ್ಟ್ರಾನ್ ಚಿತ್ರಗಳ ಸಮೇತ ವರದಿ ಮಾಡಿದವು. ಅಮೆರಿಕದ ಸಿಡಿಸಿ ತಜ್ಞರು 'ಲ್ಯಾನ್ಸೆಟ್' ಪತ್ರಿಕೆಗೆ ಬರೆದು ಆಕ್ಷೇಪಿಸಿದರು. ಅದು ವೈರಸ್ ಅಲ್ಲ, ಸರಕು ಸಾಗಿಸಲು ಜೀವಕೋಶವೇ ಮಾಡಿಕೊಳ್ಳುವ ಪುಟ್ಟ ಚೀಲಗಳು ಎಂಬುದು ಅವರ ವಾದ. ಗಾತ್ರವೂ ಹೆಚ್ಚುಕಡಿಮೆ ಅಷ್ಟೇ, ಮೇಲಿನ ಪ್ರೋಟೀನ್ ಹೊದಿಕೆ ನೋಡಿದರೆ ವೈರಸ್‌ನ ಮುಳ್ಳುಗಳೇ ಎನಿಸುತ್ತದೆ. ಪಳಗಿದ ಕಣ್ಣೂ ಇಲ್ಲಿ ಮೋಸಹೋಗುತ್ತದೆ.

ಹೀಗೇಕೆ? ಮದುವೆ ಮನೆಯ ಗ್ರೂಪ್ ಫೋಟೊ ನೆನಪಿಸಿಕೊಳ್ಳಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಪ್ರತಿ ಕೂದಲೆಳೆಯನ್ನೂ ತೋರಿಸುವ ಫೋಟೊ ಕೊಡುತ್ತದೆ. ಆದರೆ ಅದು ಕಪ್ಪು ಬಿಳುಪು, ಯಾರು ಯಾರೆಂದು ಹೆಸರಿಲ್ಲ. ಬೆಳಕಿನ ಸೂಕ್ಷ್ಮದರ್ಶಕದ ಫೋಟೊ ಮಸುಕು, ಆದರೆ ಕೆಂಪು ಪೇಟದವರು ಎಲ್ಲಿದ್ದಾರೆಂದು ತಕ್ಷಣ ತಿಳಿಯುತ್ತದೆ. ಜೆಲ್ಲಿಫಿಶ್‌ನಿಂದ ಸಿಕ್ಕ ಹಸಿರು ಹೊಳೆಯುವ ಪ್ರೋಟೀನನ್ನು ನಮಗೆ ಬೇಕಾದ ಪ್ರೋಟೀನಿಗೆ ಅಂಟಿಸಿದರೆ ಅದೇ ಆ ಪೇಟ. ಈ ಶೋಧಕ್ಕೆ 2008ರಲ್ಲಿ ನೊಬೆಲ್ ಬಂತು. ಮಸುಕಿಗೆ ಕಾರಣ ಬೆಳಕಿನ ಸ್ವಭಾವವೇ. ಸುಮಾರು 200 ನ್ಯಾನೊಮೀಟರ್‌ಗಿಂತ ಹತ್ತಿರದ ಎರಡು ಚುಕ್ಕೆಗಳು ಒಂದರಲ್ಲೊಂದು ಬೆರೆತು ಕಾಣುತ್ತವೆ ಎಂದು ಅರ್ನ್‌ಸ್ಟ್ ಅಬ್ಬೆ 1873ರಲ್ಲೇ ವಿವರಿಸಿದ್ದರು.

ಎರಡೂ ಫೋಟೊಗಳನ್ನು ಒಂದರ ಮೇಲೊಂದು ಇಟ್ಟರೆ? ಅದೇ ಈ ವಿಧಾನ. ಒಂದೇ ಜೀವಕೋಶವನ್ನು ಮೊದಲು ಬೆಳಕಿನಲ್ಲಿ, ಆಮೇಲೆ ಎಲೆಕ್ಟ್ರಾನ್‌ನಲ್ಲಿ ನೋಡುವುದು. ಕೇಳಲು ಸುಲಭ. ಆದರೆ ಸಾವಿರಾರು ಕೋಶಗಳ ನಡುವೆ ಅದೇ ಕೋಶವನ್ನು ಮತ್ತೆ ಹುಡುಕಬೇಕಲ್ಲ! ಅದಕ್ಕೆ ಅಕ್ಷರ, ಅಂಕಿ ಕೆತ್ತಿದ 3 ಮಿ.ಮೀ. ಅಗಲದ ಪುಟ್ಟ ಜಾಲರಿ ಬಳಸುತ್ತಾರೆ. ಎರಡೂ ಕಡೆ ಕಾಣುವ ಸೂಕ್ಷ್ಮ ಮಣಿಗಳನ್ನು ಚೆಲ್ಲಿ, ಅವುಗಳ ಆಧಾರದಲ್ಲಿ ಚಿತ್ರಗಳನ್ನು ಹೊಂದಿಸುತ್ತಾರೆ.

ನಿಜವಾದ ತಲೆನೋವು ಮಾದರಿ ತಯಾರಿಯದ್ದು. ಎಲೆಕ್ಟ್ರಾನ್ ಯಂತ್ರದೊಳಗೆ ನಿರ್ವಾತ ಇರುವುದರಿಂದ ಕೋಶದ ನೀರನ್ನೆಲ್ಲ ತೆಗೆಯಬೇಕು, ರಾಳದಲ್ಲಿ ಗಟ್ಟಿ ಮಾಡಿ ವಜ್ರದ ಅಲಗಿನಿಂದ 100 ನ್ಯಾನೊಮೀಟರ್‌ಗೂ ತೆಳುವಾಗಿ ಹೆಚ್ಚಬೇಕು. ಪೊರೆಗಳು ಎದ್ದು ಕಾಣಲೆಂದು ಹಾಕುವ ಆಸ್ಮಿಯಂ ಟೆಟ್ರಾಕ್ಸೈಡ್ ಹೊಳಪನ್ನೇ ಕೊಂದುಬಿಡುತ್ತದೆ. ಆದ್ದರಿಂದಲೇ ಸಾಮಾನ್ಯವಾಗಿ ಬೆಳಕಿನ ಚಿತ್ರ ಮೊದಲು. ಅಷ್ಟರಲ್ಲಿ ಕೋಶ ಕುಗ್ಗಿ, ಎರಡು ಚಿತ್ರ ತಾಳೆಯಾಗದೆ ಹೋಗುವುದೂ ಉಂಟು. ಆಸ್ಮಿಯಂಗೂ ಜಗ್ಗದ ಹೊಳೆಯುವ ಪ್ರೋಟೀನುಗಳನ್ನು ಈಚೆಗೆ ರೂಪಿಸಲಾಗಿದೆ.

ಇನ್ನೊಂದು ದಾರಿ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸುವುದು. ಆಗ ನೀರು ಹರಳಾಗದೆ ಗಾಜಿನಂತೆ ಗಟ್ಟಿಯಾಗುತ್ತದೆ, ಕೋಶ ಇದ್ದ ಹಾಗೇ ಉಳಿಯುತ್ತದೆ. ಈ ತಂತ್ರಕ್ಕೆ ದಾರಿ ತೋರಿದ ಜಾಕ್ ದುಬೋಶೆ 2017ರ ನೊಬೆಲ್ ಹಂಚಿಕೊಂಡರು. ಅಮೆರಿಕದ ಜನೀಲಿಯಾ ಸಂಶೋಧನಾ ಕೇಂದ್ರದ ತಂಡ 2020ರಲ್ಲಿ ಹೀಗೆ ಹೆಪ್ಪುಗಟ್ಟಿಸಿದ ಇಡೀ ಕೋಶಗಳನ್ನು ಎರಡೂ ವಿಧಾನಗಳಲ್ಲಿ, ಮೂರು ಆಯಾಮದಲ್ಲಿ ಚಿತ್ರಿಸಿತು.

ಆದರೆ ಆಸ್ಪತ್ರೆಯಿಂದ ಬಂದ ರೋಗಿಯ ಅಂಗಾಂಶದಲ್ಲಿ ಹೊಳೆಯುವ ಪ್ರೋಟೀನ್ ಇರುವುದಿಲ್ಲ. ಅಲ್ಲಿ ವೈರಸ್‌ಗೆ ಮಾತ್ರ ಅಂಟುವ ಪ್ರತಿಕಾಯಕ್ಕೆ ಬಣ್ಣವನ್ನೋ ಚಿನ್ನದ ಕಣವನ್ನೋ ಕಟ್ಟಿ ಬಿಡಬೇಕು. ಗುರುತು ಕೂತರೆ ವೈರಸ್ ಎನ್ನಲು ಆಧಾರ ಸಿಕ್ಕಿತು. ಕೂರದಿದ್ದರೆ, ಎಷ್ಟೇ ಮುಳ್ಳು ಕಂಡರೂ ಅದು ಕೋಶದ್ದೇ ಚೀಲವೇನೋ ಎಂದು ಮೊದಲು ಅನುಮಾನಿಸಬೇಕು.